ಗೂಡು ಹೊತ್ತ ಬಟ್ಟೆ

ವಿಜಯಪುರ
ದೇವನಹಳ್ಳಿ ತಾಲ್ಲೂಕು
ಗುರುವಾರ, ಮಧ್ಯಾಹ್ನ ಎರಡೂವರೆ ಗಂಟೆ

ಚಿ. ಸೌ. ಚಂದನಳಿಗೆ,

ಕ್ಷೇಮಸಮಾಚಾರ ವಿಚಾರಿಸಿ ಅನಂತರ ವಿಷಯಕ್ಕೆ ಬರುವುದು ಪತ್ರದ ಮರ್ಯಾದೆ. ಮೂವತ್ತಾರು ವರ್ಷ ಮಕ್ಕಳಿಂದ ಹಾಗೆಯೇ ಬರೆಸಿದವಳು ನಾನು. ಇಂದು ಆ ಮರ್ಯಾದೆಯನ್ನು ಮೀರುತ್ತಿದ್ದೇನೆ. ಕ್ಷೇಮ ವಿಚಾರಿಸುತ್ತ ಕುಳಿತರೆ ವಿಷಯದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನನ್ನ ಕೈ ತಾನಾಗಿಯೇ ಹುಡುಕಿಕೊಳ್ಳುತ್ತದೆ. ಹಾಗೆ ಆರಂಭಿಸಿದ ನಾಲ್ಕು ಹಾಳೆಗಳನ್ನು ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ.

ಅಕ್ಕಯಮ್ಮನವರ ಬಟ್ಟೆಗೆ ನೀನು ಚೀಟಿ ಹಾಕಿದ್ದೆ. ಪಿನ್ನು ಚುಚ್ಚಿ, ಭದ್ರವಾಗಿಯೇ ಹಾಕಿದ್ದೆ. ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿ "ಚೀಟಿ ಎಲ್ಲಿ?" ಎಂದು ನಾನು ಕೇಳಿದ ಹೊತ್ತಿನಲ್ಲಿ ಆ ಚೀಟಿ ನನ್ನ ಕೈಚೀಲದಲ್ಲಿತ್ತು.

ಈ ಮೂರು ವಾಕ್ಯಗಳನ್ನು ಬರೆಯಲು ನನಗೆ ಐದು ವಾರ ಹಿಡಿಯಿತು.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಮುಂದೆ ಬರೆಯುತ್ತೇನೆ, ಬೇಸರಿಸಬೇಡ. ಈ ಪತ್ರವನ್ನು ನಿನ್ನ ಮನೆಯವರು ಓದಬೇಕು. ನಿನ್ನ ಅಂಗಡಿಗೆ ಬರುವವರಲ್ಲಿ ಯಾರಿಗೆ ಓದಿ ಹೇಳಬೇಕೆನಿಸಿದರೂ ನೀನು ಓದಿ ಹೇಳಬೇಕು. ಆದುದರಿಂದ ನಡೆದದ್ದನ್ನು ಮೊದಲಿನಿಂದ, ಏನನ್ನೂ ಬಿಡದೆ ಹೇಳುವುದು ನನ್ನ ಕರ್ತವ್ಯ. ನಾನು ಬರೆಯುತ್ತಿರುವುದು ನಮ್ಮ ಗುರುವಾರದ ಶೆಡ್ಡಿನಲ್ಲೇ ಕುಳಿತು. ಎದುರಿಗೆ ಅಕ್ಕಯಮ್ಮನವರು ಎಲೆಯಡಿಕೆ ಹಾಕಿಕೊಂಡು, ಗೋಡೆಗೆ ಒರಗಿ, ನನ್ನ ಪೆನ್ನನ್ನೇ ನೋಡುತ್ತ ಕುಳಿತಿದ್ದಾರೆ. ನಾಲ್ಕು ಗಂಟೆಯ ಬಸ್ಸಿಗೆ ದೇವನಹಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆವತಿಗೆ ಬಂದು, ಇದನ್ನು ನಿನ್ನ ಕೈಗೆ ಕೊಡುವವರು ಅವರೇ. ಐದು ನಿಮಿಷಕ್ಕೊಮ್ಮೆ "ಆಯ್ತಾ ಮೇಷ್ಟ್ರಮ್ಮ?" ಎಂದು ಕೇಳುತ್ತಿದ್ದಾರೆ. ಆಗಲಿಲ್ಲ. ಆಗುವುದೂ ಕಷ್ಟ.

ಈ ಕೆಲಸ ಈಗಿನ ರೂಪಕ್ಕೆ ಬಂದದ್ದೇ ನಿನ್ನಿಂದ. ಮೂರು ವರ್ಷದ ಹಿಂದೆ, ಊರಿನಲ್ಲಿ ಶಾಲೆ ನಡೆಸುವ ಪದ್ಮಶ್ರೀಯವರು ತಮ್ಮ ಮನೆತನದ ರೇಷ್ಮೆ ನೂಲು ಬಿಚ್ಚುವ ಶೆಡ್ಡನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ವಾರಕ್ಕೊಮ್ಮೆ ಸೇರೋಣ ಎಂದು ನಮ್ಮನ್ನೆಲ್ಲ ಕರೆದರು. ಎಷ್ಟು ಸುಣ್ಣ ಹೊಡೆದರೂ ಬೆಂದ ರೇಷ್ಮೆಗೂಡಿನ ವಾಸನೆ ಆ ಗೋಡೆಗಳನ್ನು ಬಿಡಲಿಲ್ಲ. ಮೊದಲ ದಿನ ನೀನು ಮೂಗು ಮುಚ್ಚಿಕೊಂಡು ನಕ್ಕದ್ದು ನೆನಪಿದೆ. ಹತ್ತು ಹನ್ನೆರಡು ಹೆಂಗಸರು ಸೇರಿ ಹಳೆಯ ಸೀರೆಗಳಲ್ಲಿ ಕೌದಿ ಹೊಲಿದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಪಕ್ಕದ ಧರ್ಮಶಾಲೆಗೆ ಕೊಡುತ್ತಿದ್ದೆವು. ಕ್ಯಾನ್ಸರ್ ರೋಗಿಗಳೂ ಅವರ ಜೊತೆಯವರೂ ತಿಂಗಳುಗಟ್ಟಲೆ ಉಳಿಯುವ ಜಾಗ ಅದು. ನಿನ್ನ ಅತ್ತೆಯವರ ಚಿಕಿತ್ಸೆಗೆಂದು ನೀನೂ ಅಲ್ಲಿ ಮೂರು ತಿಂಗಳು ಇದ್ದು ಬಂದೆ. ಬಂದ ಗುರುವಾರವೇ ಹೇಳಿದೆ: "ಮಿಸ್, ಹೊದಿಯೋಕೆ ಅಲ್ಲಿ ಏನೋ ಒಂದು ಸಿಗುತ್ತೆ. ಕೈಗೆ ಕೆಲಸ ಸಿಗಲ್ಲ. ಡಾಕ್ಟರ್ ಕರೀತಾರಾ ಅಂತ ಬೆಳಿಗ್ಗೆಯಿಂದ ಬಾಗಿಲೇ ನೋಡ್ಕೊಂಡು ಕೂತು ಕೂತು ತಲೆ ಕೆಟ್ಟೋಗುತ್ತೆ. ಹೊಲಿದು ಕೊಡ್ಬೇಡಿ ಮಿಸ್, ಹೊಲಿಯೋಕೆ ಕೊಡಿ."

ಅಂದು ಎಲ್ಲರಿಗಿಂತ ಚಿಕ್ಕವಳು ಎಲ್ಲರಿಗಿಂತ ದೊಡ್ಡ ಮಾತು ಆಡಿದ್ದಳು. ಮರುವಾರದಿಂದಲೇ ನಾವು ಕೌದಿ ಹೊಲಿಯುವುದನ್ನು ಬಿಟ್ಟು, ಕೌದಿಗೆ ಬೇಕಾದುದನ್ನೆಲ್ಲ ಜೋಡಿಸಿ ಕಳುಹಿಸತೊಡಗಿದೆವು: ಗೇಣುದ್ದ ಗೇಣಗಲದ ನಲವತ್ತೆಂಟು ಚೌಕಗಳು, ಒಳಗೆ ಹಾಸಲು ಎರಡು ಮೆತ್ತನೆಯ ಹಳೆಯ ಸೀರೆ, ಬೆನ್ನಿಗೆ ಒಂದು ಗಟ್ಟಿ ಬಟ್ಟೆ, ದಾರದ ಲಡಿ, ಎರಡು ದಪ್ಪ ಸೂಜಿ. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಕ್ಕಯಮ್ಮನವರು ಅದನ್ನು ಬಟ್ಟೆಯ ಚೂರಿಗೆ ಚುಚ್ಚಿಡಿಸಿದರು. ಇದಕ್ಕೆ ಪದ್ಮಶ್ರೀಯವರು ಕಿಟ್ ಎಂದು ಹೆಸರಿಟ್ಟರು. ಗಂಟು ಎಂಬ ನಮ್ಮ ಮಾತಿರುವಾಗ ಅದೇಕೆ ಎಂದು ನಾನು ಆಕ್ಷೇಪಿಸಿದೆ. ಮನೆಗಳಿಂದ ಬರುವುದೂ ಗಂಟು, ನಾವು ಕಳುಹಿಸುವುದೂ ಗಂಟು ಎಂದಾದರೆ ಗೊಂದಲವಾಗುತ್ತದೆ ಎಂದು ಅವರು ಹೇಳಿದ್ದರಲ್ಲಿ ಹುರುಳಿತ್ತು. ಒಪ್ಪಿದೆ.

ಮನೆಗಳಿಂದ ಬರುವ ಗಂಟಿನ ವಿಷಯಕ್ಕೆ ನಾನೇ ನಿಯಮ ಮಾಡಿದ್ದೆ. ಗಂಟಿನ ಒಳಗಿನ ಬಟ್ಟೆ ದಾನ. ಗಂಟು ಕಟ್ಟಿದ ಬಟ್ಟೆ ಮಾತ್ರ ಆ ಮನೆಯದು, ಅದು ಹಿಂದಿರುಗಬೇಕು, ಅದೂ ಬರಿದಾಗಿ ಅಲ್ಲ. ಒಂದು ಹಿಡಿ ಕಡಲೆಯನ್ನೋ ಎರಡು ಬಾಳೆಹಣ್ಣನ್ನೋ ಇಟ್ಟು ಕೊಡಬೇಕು. ಗಂಟು ಬಿಚ್ಚಿ, ಕಟ್ಟಿದ ಬಟ್ಟೆಯನ್ನು ಮಡಿಸಿ, ಮನೆಯವರ ಹೆಸರಿನ ಚೀಟಿ ಪಿನ್ನು ಮಾಡಿ, ಕಿಟಕಿಯ ಸರಳಿಗೆ ಹಾಕುವುದು ನಿನ್ನ ಪಾಲಿನ ಕೆಲಸ. ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸುವುದು ನನ್ನ ಪಾಲಿನದು. ಹನ್ನೆರಡು ವರ್ಷದಿಂದ ಕತ್ತರಿ ಹಿಡಿದೇ ಸಂಸಾರ ನಡೆಸುತ್ತಿರುವ ನೀನು ಪಕ್ಕದಲ್ಲಿರುವಾಗ ಕತ್ತರಿ ನನ್ನ ಕೈಯಲ್ಲಿ ಏಕಿತ್ತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ದೀಪಾವಳಿ ಕಳೆದ ಮರುವಾರ. ಮರುದಿನ ಬೆಳಿಗ್ಗೆ ವ್ಯಾನು ಬರುವುದೆಂದು ಪದ್ಮಶ್ರೀಯವರು ನಾಲ್ಕು ಸಲ ನೆನಪಿಸಿದ್ದರು. ನಲವತ್ತು ಕಿಟ್ ಆಗಬೇಕಿತ್ತು, ಎರಡಕ್ಕೆ ಬೆನ್ನಿನ ಬಟ್ಟೆ ಸಾಲದೆ ಹೋಯಿತು. ನೀನು ಮಗನನ್ನು ಶಾಲೆಯಿಂದ ಕರೆತರಬೇಕೆಂದು ಮೂರು ಗಂಟೆಗೇ ಹೊರಟಿದ್ದೆ. ನಾನು ಶೆಡ್ಡೆಲ್ಲ ಕಣ್ಣಾಡಿಸಿದೆ. ಕಿಟಕಿಯ ಸರಳಿನ ಮೇಲೆ ದಪ್ಪ ಬಿಳಿಯ ಕೈಮಗ್ಗದ ಬಟ್ಟೆ, ಕೆಂಪು ಅಂಚು, ಅಗಲವೆಂದರೆ ಅಗಲ. ಹೇಳಿ ನೇಯಿಸಿದಂತೆ ಎರಡು ಬೆನ್ನಿಗೆ ಆಗುವಷ್ಟಿತ್ತು. ಸೆಳೆದೆ. ಸೆಳೆದ ರಭಸಕ್ಕೆ ಏನೋ ಹರಿದ ಸದ್ದಾಯಿತು, ಗಮನಿಸಲಿಲ್ಲ. ಮೇಜಿನ ಮೇಲೆ ಹರಡಿದಾಗ ಅದರ ಅಂಚಿನಲ್ಲಿ ಒಂದು ಪಿನ್ನಿತ್ತು, ಪಿನ್ನಿನ ಬಾಯಲ್ಲಿ ಕಾಗದದ ಚೂರಿತ್ತು. ಅದನ್ನು ಗಮನಿಸಿದೆ. ಗಮನಿಸಿಯೂ ಪಿನ್ನನ್ನು ಬಿಚ್ಚಿ ಪಕ್ಕಕ್ಕಿಟ್ಟು ಗೆರೆ ಎಳೆದೆ. ಕೈ ಓಡುತ್ತಿತ್ತು. ತಪ್ಪು ಮಾಡುವವರು ಇತರರು ಎಂಬ ನಂಬಿಕೆ ನನ್ನಲ್ಲಿ ಎಷ್ಟು ಹಳೆಯದಾಗಿತ್ತೆಂದರೆ, ಕಣ್ಣು ಕಂಡದ್ದನ್ನು ಮನಸ್ಸಿಗೆ ತಲುಪಿಸಲಿಲ್ಲ.

ಅರ್ಧ ಗಂಟೆಯ ಬಳಿಕ, ಕಸ ಗುಡಿಸುವಾಗ, ಕಿಟಕಿಯ ಕೆಳಗೆ ಚೀಟಿ ಸಿಕ್ಕಿತು. ಒಂದು ಮೂಲೆ ಹರಿದಿತ್ತು. "ಅಕ್ಕಯಮ್ಮ, ಚನ್ನರಾಯಪಟ್ಟಣ. ಹಿಂದಿರುಗಿಸಬೇಕು." ನಿನ್ನ ಅಕ್ಷರ. ಐದನೆಯ ತರಗತಿಯಲ್ಲಿ ನಾನೇ ತಿದ್ದಿಸಿದ ಅಕ್ಷರ. ಕಿಟ್‌ಗಳೆಲ್ಲ ಆಗಲೇ ಚೀಲದೊಳಗೆ ಸೇರಿ, ಬಾಯಿ ಹೊಲಿದಾಗಿತ್ತು. ಬಿಚ್ಚಿಸಬಹುದಿತ್ತು. "ನನ್ನಿಂದ ಹೀಗಾಯಿತು" ಎಂದು ಅಲ್ಲೇ ಹೇಳಬಹುದಿತ್ತು; ಎರಡು ನಿಮಿಷ ಅಯ್ಯೋ ಎಂದು, ಮುಂದಿನ ಎರಡು ನಿಮಿಷ ನಕ್ಕು ಮುಗಿಯುತ್ತಿತ್ತು. ನಾನು ಚೀಟಿಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ಇನ್ನೂ ಯಾರಿಗೂ ಏನೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಬಚ್ಚಿಟ್ಟೆ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ.

ಮರುವಾರ ಅಕ್ಕಯಮ್ಮನವರು ಬಂದದ್ದು, ಸರಳುಗಳನ್ನೆಲ್ಲ ಹುಡುಕಿದ್ದು, "ಎಲ್ರವ್ವ ನನ್ನ ಗೂಡಿನ ಬಟ್ಟೆ?" ಎಂದು ಕೂಗಿದ್ದು ನಿನಗೆ ಗೊತ್ತು. ಅದು ಎಂಥ ಬಟ್ಟೆಯೆಂದು ನಮಗೆ ತಿಳಿದದ್ದು ಆಗಲೇ. ಅವರು ಮದುವೆಯಾಗಿ ಬಂದ ವರ್ಷ ಮೊದಲ ಬೆಳೆಯ ಗೂಡನ್ನು ಅದರಲ್ಲಿ ಕಟ್ಟಿಕೊಂಡು ಗಂಡ ಜವರಪ್ಪನವರ ಜೊತೆ ಇದೇ ವಿಜಯಪುರದ ಮಾರುಕಟ್ಟೆಗೆ ಬಂದಿದ್ದರಂತೆ. ಮೂವತ್ತು ವರ್ಷ ಪ್ರತಿ ಬೆಳೆಯೂ ಅದರಲ್ಲೇ ಬಂತಂತೆ. ಕೈ ಹತ್ತಿದ, ಅದೃಷ್ಟ ತಂದ ಬಟ್ಟೆ, ಅದಕ್ಕೆ ಕತ್ತರಿ ತಾಗಬಾರದು, ಹರಿದರೆ ಸೂಜಿ ಮಾತ್ರ ಎಂಬುದು ಆ ಮನೆಯ ನಂಬಿಕೆ. ನಡುವೆ ಹುಳು ಸಾಕುವುದು ನಿಂತಿತ್ತು. ಈಗ ಸೊಸೆ ಮತ್ತೆ ಹುಳುಮನೆ ಕಟ್ಟಿಸಿದ್ದಾಳೆ. ಅವಳ ಮೊದಲ ಗೂಡು ಆ ಬಟ್ಟೆಯಲ್ಲೇ ಹೋಗಬೇಕೆಂದು ಅಟ್ಟದಿಂದ ಇಳಿಸಿ ಒಗೆದಿದ್ದರು. ಒಣಗಿದ್ದ ಅದೇ ಕೈಗೆ ಸಿಕ್ಕಿದ್ದರಿಂದ ನಮಗೆ ಕೊಡುವ ಹಳೆಯ ಸೀರೆಗಳನ್ನು ಅದರಲ್ಲಿ ಕಟ್ಟಿ ತಂದಿದ್ದರು. "ಚೀಟಿ ಹಾಕ್ತೀರಲ್ಲ, ಎಲ್ಲಿ ಹೋಗ್ತದೆ ಅಂತ ತಂದೆ ಕಣ್ರವ್ವ" ಎಂದರು. ನಮ್ಮ ನಿಯಮವನ್ನು ನಂಬಿ ತಂದಿದ್ದರು, ಚಂದನ. ನನ್ನ ನಿಯಮವನ್ನು.

ಆಗ ನಾನು ನಿನ್ನ ಕಡೆ ತಿರುಗಿದೆ. "ಚಂದನ, ಚೀಟಿ ಹಾಕಿದ್ದೆಯಾ?" ಎಂದೆ. "ಹಾಕಿದ್ದೆ ಮಿಸ್, ಪಿನ್ ಮಾಡಿದ್ದೆ" ಎಂದೆ ನೀನು. "ಹಾಗಾದರೆ ಚೀಟಿ ಎಲ್ಲಿ?" ಎಂದೆ ನಾನು. ತರಗತಿಯಲ್ಲಿ ಮನೆಗೆಲಸ ಮಾಡದವರನ್ನು ಕೇಳುವ ದನಿ ಅದು, ಆ ದನಿಗೆ ಯಾವ ಮಗುವೂ ಎದುರಾಡುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಅಕ್ಕಯಮ್ಮನವರ ಸಿಟ್ಟೆಲ್ಲ ನಿನ್ನ ಮೇಲೆ ಬಿತ್ತು: "ಟೈಲರಮ್ಮನಂತೆ ಟೈಲರಮ್ಮ! ಇನ್ನೊಬ್ರ ಬಟ್ಟೆ ಕಾಪಾಡೋಕೆ ಬರ್ದಿದ್ದ್ಮೇಲೆ ಅಂಗಡಿ ಯಾಕಮ್ಮ ಇಟ್ಕೊಂಡಿದ್ದೀಯಾ?" ನೀನು ನನ್ನನ್ನೇ ನೋಡಿದೆ. ನಾನು ಅಳತೆಪಟ್ಟಿಯನ್ನು ಸುತ್ತುತ್ತಿದ್ದೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ. ನೀನು ನಿನ್ನ ಚೀಲ ಎತ್ತಿಕೊಂಡು "ಬರ್ತೀನಿ ಮಿಸ್" ಎಂದು ಹೋದೆ. ಅಂದಿನಿಂದ ಬಂದಿಲ್ಲ.

ನಾನು ಮಾಡಿದ್ದು ಅಷ್ಟಕ್ಕೇ ನಿಲ್ಲಲಿಲ್ಲವೆಂಬುದನ್ನೂ ಬರೆಯಬೇಕು. ದರ್ಜಿಯ ಕೈ ಎಷ್ಟೇ ನಾಜೂಕಾಗಿರಲಿ, 'ಬಟ್ಟೆ ಕಳೆಯುತ್ತಾಳೆ' ಎಂಬ ಒಂದು ಮಾತು ಹುಟ್ಟಿದರೆ ಯಾರು ಅವಳ ಬಾಗಿಲಿಗೆ ಬರುತ್ತಾರೆ? ಪದ್ಮಶ್ರೀಯವರು ತಮ್ಮ ಶಾಲೆಯ ಮಕ್ಕಳ ಸಮವಸ್ತ್ರವನ್ನು ನಿನ್ನಿಂದ ಹೊಲಿಸುವುದೆಂದು ಮಾತಾಗಿತ್ತು. "ಹುಡುಗಿ ಒಳ್ಳೆಯವಳೇ ಮೇಡಂ, ಆದ್ರೆ ಗಮನ ಸಾಲದು, ಅಷ್ಟು ಬಟ್ಟೆ ಹೇಗೆ ಕೊಡೋದು?" ಎಂದು ನನ್ನ ಮುಂದೆಯೇ ಹೇಳಿ ದೇವನಹಳ್ಳಿಯ ಅಂಗಡಿಗೆ ಕೊಟ್ಟರು. ನಾನು ಕಾಫಿ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ. ನಮ್ಮ ಗುಂಪಿನ ರೂಪ ತನ್ನ ತಂಗಿಯ ಮದುವೆಯ ರವಿಕೆಬಟ್ಟೆಗಳನ್ನು ನಿನ್ನಲ್ಲಿಂದ ವಾಪಸು ತಂದಳೆಂದು ಅವಳೇ ಹೇಳಿದಳು, ಅದಕ್ಕೂ ನಾನು ಏನೂ ಅನ್ನಲಿಲ್ಲ. ಒಂದು ಸುಳ್ಳನ್ನೂ ನಾನು ಬಾಯಿಬಿಟ್ಟು ಆಡಲಿಲ್ಲ ಎಂದು ಮೊದಲ ಎರಡು ವಾರ ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳುತ್ತಿದ್ದೆ. ಆಡಲಿಲ್ಲ, ನಿಜ. ನಿನ್ನಲ್ಲಿಗೆ ಬರಬೇಕಾದ ಬಟ್ಟೆಗಳು ಒಂದೊಂದಾಗಿ ಬೇರೆ ಬಾಗಿಲಿಗೆ ಹೋಗುವುದನ್ನು ನೋಡಿಕೊಂಡು ಕುಳಿತಿದ್ದೆ.

ಕುಳಿತಿದ್ದೆ ಎಂದೆ, ಆ ಮಾತು ಸರಿಯಲ್ಲ. ಈ ಐದು ವಾರದಲ್ಲಿ ನಾನು ಒಂದೆಡೆ ಕುಳಿತದ್ದೇ ಇಲ್ಲ. ಅಕ್ಕಿ ತೊಳೆದು ಒಲೆಗಿಡುವುದನ್ನು ಮರೆತು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಪತ್ರಿಕೆಯ ಒಂದೇ ಸಾಲನ್ನು ಮೂರು ಸಲ ಓದುತ್ತೇನೆ, ಅದರಲ್ಲಿರುವ ತಪ್ಪುಗಳೂ ನನಗೆ ಕಾಣುತ್ತಿಲ್ಲ. ಮೂರು ಬಾರಿ ಆವತಿಗೆಂದು ಹೊರಟೆ. ಒಮ್ಮೆ ಬಸ್ಸು ಹತ್ತುವ ಮೊದಲೇ ತಿರುಗಿದೆ, ಒಮ್ಮೆ ದೇವನಹಳ್ಳಿಯ ನಿಲ್ದಾಣದಿಂದ. ಮೂರನೆಯ ಸಲ ನಿನ್ನ ಅಂಗಡಿ ಕಾಣುವಷ್ಟು ಹತ್ತಿರ ಬಂದೆ. ನೀನು ಹೊಸ್ತಿಲ ಬಳಿ ಬೆಳಕಿಗೆ ಕುಳಿತು ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದೆ. ಗೂಟಗಳ ಮೇಲೆ ಸಾಮಾನ್ಯವಾಗಿ ತೂಗುತ್ತಿದ್ದ ಬಟ್ಟೆಗಳು ಇರಲಿಲ್ಲ. ಎದುರಿನ ಬೇಕರಿಯಲ್ಲಿ ಬೇಡದ ಬ್ರೆಡ್ಡೊಂದನ್ನು ಕೊಂಡು, ಬಂದ ಬಸ್ಸೇ ಹಿಂದಿರುಗುವಾಗ ಅದನ್ನೇ ಹತ್ತಿದೆ.

ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ಉಪಾಯವೆಂದು ಕರೆಯಲು ಈಗ ನಾಚಿಕೆಯಾಗುತ್ತದೆ. ಆ ಎರಡು ತುಂಡುಗಳನ್ನು ಹೇಗಾದರೂ ಹಿಂದಕ್ಕೆ ತಂದು, ಜೋಡಿಸಿ ಹೊಲಿಸಿ, 'ಎಲ್ಲೋ ಸಿಕ್ಕಿತು' ಎಂದು ಅಕ್ಕಯಮ್ಮನವರಿಗೆ ಒಪ್ಪಿಸಿದರೆ ಎಲ್ಲರ ಮನಸ್ಸೂ ತಿಳಿಯಾಗುತ್ತದೆ, ನಿನ್ನ ಹೆಸರೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ನೋಡು, ಆಗಲೂ ನನ್ನದನ್ನು ಬಿಡಲಿಲ್ಲ. ಕಳೆದ ಸೋಮವಾರ ಬೆಳಿಗ್ಗೆ ಧರ್ಮಶಾಲೆಗೆ ಹೋದೆ. ಒಂದು ತುಂಡು ಪಡೆದವರು ಆಗಲೇ ರಾಯಚೂರು ಕಡೆಯ ತಮ್ಮ ಊರಿಗೆ ಹೊರಟುಹೋಗಿದ್ದರು. ಇನ್ನೊಂದು ಎರಡನೆಯ ಅಂತಸ್ತಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲಿತ್ತು. ಶಿಡ್ಲಘಟ್ಟದ ಕಡೆಯ ಮುತ್ಯಾಲಮ್ಮ ಎಂಬಾಕೆ ಅದಕ್ಕೆ ನಲವತ್ತೆಂಟೂ ಚೌಕ ಕೂಡಿಸಿ, ಸಾಲುಸಾಲಾಗಿ ದಾರ ಓಡಿಸಿ, ಕೌದಿ ಮುಗಿಸಿದ್ದರು. ಅವರ ಗಂಡ ಪಾಪಯ್ಯ ಅದನ್ನು ಕುತ್ತಿಗೆಯವರೆಗೆ ಹೊದ್ದು ಮಲಗಿದ್ದರು. ನಾನು ಅಂಚನ್ನು ಹಿಡಿದು ನೋಡಿದೆ. ಅದೇ ಕೆಂಪು ಅಂಚು.

"ಯಾಕಮ್ಮ ಅಂಗ್ ಮುಟ್ಟಿ ಮುಟ್ಟಿ ನೋಡ್ತೀರಾ? ಒಲಿಗೆ ಓರೆ ಆಗೈತಾ?" ಎಂದರು ಮುತ್ಯಾಲಮ್ಮ. ಓರೆಯಾಗಿಲ್ಲ, ಬಹಳ ಚೆನ್ನಾಗಿದೆ ಎಂದೆ. ಪಾಪಯ್ಯನವರು ನಕ್ಕರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ನಗು ಮಾತ್ರ ಗಟ್ಟಿಯಾಗಿತ್ತು. "ಆಯಮ್ಮಂಗೆ ಹೇಳಿದ್ರೆ ನಂಬಲ್ಲ. ಇದು ಗೂಡಿನ ಬಟ್ಟೆ. ನಾನು ಇಪ್ಪತ್ತೈದು ವರ್ಸ ನೂಲು ಬಿಚ್ಚಿದೋನು, ಮೂಗಿಗೆ ತಿಳೀದೇ ಇರ್ತದಾ? ಎಷ್ಟು ಒಗೆದ್ರೂ ಓಗಲ್ಲ ಆ ವಾಸ್ನೆ" ಎಂದವರು, ಸ್ವಲ್ಪ ಸುಧಾರಿಸಿಕೊಂಡು, "ಇಂಥ ಬಟ್ಟೆಗೆ ಕತ್ರಿ ಹಾಕೋಕೆ ಯಾವ ಕೈಗೆ ಮನಸ್ಸು ಬಂತೋ!" ಎಂದರು.

"ನನ್ನ ಕೈಗೆ" ಎಂದೆ.

ನನಗೇ ಆಶ್ಚರ್ಯವಾಯಿತು. ಪರಿಚಯವಿಲ್ಲದ ಆ ಮನುಷ್ಯರ ಮುಂದೆ ನಿಂತೇ ಎಲ್ಲವನ್ನೂ ಹೇಳಿದೆ: ಪಿನ್ನು, ಚೀಟಿ, ನೀನು. ಮುತ್ಯಾಲಮ್ಮ ಕೂಡಲೇ ಕೌದಿಯ ತುದಿಗೆ ಕೈ ಹಾಕಿ, "ಅಂಗಾದ್ರೆ ಬಿಚ್ಚಿ ಕೊಟ್ಬಿಡ್ತೀನಮ್ಮ, ಅವರ ಮನೇದು ಅವರಿಗೆ ಸೇರ್ಲಿ" ಎಂದರು. ಎರಡು ವಾರ ಬಾಗಿಲು ನೋಡದೆ ಹೊಲಿದ ಹೊಲಿಗೆಯನ್ನು ಬಿಚ್ಚಲು ಆಕೆ ಸಿದ್ಧರಿದ್ದರು. ನಾನು ಅವರ ಕೈ ಹಿಡಿದುಕೊಂಡೆ, ಬೇಡವೆಂದೆ. ಪಾಪಯ್ಯನವರು ಕೇಳಿದರು: "ಆ ಹುಡುಗೀಗೆ ಹೇಳಿದ್ರಾ?" ಇಲ್ಲ ಎಂದೆ. "ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಬಟ್ಟೆ ಇಲ್ಲಿ ಬೆಚ್ಚಗೈತೆ. ಚಳಿ ಆಗ್ತಿರೋದು ಅಲ್ಲಿ" ಎಂದರು.

ಅಲ್ಲಿಂದ ಇಳಿದು ಬರುವಾಗ ಮೆಟ್ಟಿಲು ಲೆಕ್ಕ ತಪ್ಪಿ ಒಂದು ಕಡೆ ಮುಗ್ಗರಿಸಿದೆ. ಮಂಗಳವಾರ ಬೆಳಿಗ್ಗೆ ನಮ್ಮ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣಕ್ಕೆ, ಅಕ್ಕಯಮ್ಮನವರ ಊರಿಗೆ ಹೋದೆ. ನನ್ನನ್ನು ಕಂಡೊಡನೆ "ಮೇಷ್ಟ್ರಮ್ಮ, ಚಪ್ಪಲಿ ಆಚೆ ಬಿಡಿ, ಕೈ ತೊಳ್ಕೊಳಿ, ಒಳಗೆ ಹುಳ ಇದಾವೆ" ಎಂದು ಕೂಗಿದರು. ಕೈ ತೊಳೆದುಕೊಂಡು ಜಗಲಿಯ ಮೇಲೆ ಕುಳಿತು, ಚೀಟಿಯನ್ನು ಅವರ ಮುಂದಿಟ್ಟು ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನ ಯಾವ ಅಕ್ಷರವನ್ನೂ ತಿದ್ದದೆ ಬರೆಯುತ್ತೇನೆ: "ಬಟ್ಟೆ ಹೋಯ್ತು, ಎರಡು ದಿನ ಅತ್ತೆ, ಮುಗೀತು. ಸೊಸೆ ಗೂಡು ಹೋದ ವಾರ ಮಾರ್ಕೆಟ್ಟಿಗೆ ಹೋಯ್ತು, ಪ್ಲಾಸ್ಟಿಕ್ ಕ್ರೇಟ್ನಾಗೆ. ನಾನು ನೋಡೋಕೆ ಹೋಗ್ಲಿಲ್ಲ. ಅದೂ ಹೋಗ್ಲಿ. ಆ ಹುಡುಗಿ ಏನೂ ಮಾಡ್ದೆ ಬಾಯಿಗೆ ಬಂದಂಗೆ ಅನ್ನಿಸ್ಕೊಂಡ್ಳಲ್ಲ. ಅಂದೋಳು ನಾನು. ಅನ್ನಿಸಿದೋರು ನೀವು. ಇಷ್ಟು ಓದಿರೋರು, ನನ್ನ ಬಾಯೇ ಸಿಕ್ತಾ ನಿಮಗೆ?"

ಚಂದನ, ಇಷ್ಟು ವರ್ಷದ ನೌಕರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಇಷ್ಟು ನಿಖರವಾಗಿ ಪರೀಕ್ಷಿಸಿರಲಿಲ್ಲ. "ನನ್ನತ್ರ ಜಗಲೀಲಿ ಕೂತು ಹೇಳಿದ್ರೆ ಆಗ್ಲಿಲ್ಲ. ಅವತ್ತು ಶೆಡ್ನಲ್ಲಿ ಎಷ್ಟು ಜನ ಇದ್ರೋ ಅಷ್ಟೂ ಜನದ ಮುಂದೆ ಹೇಳಿ" ಎಂದರು. ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ನಡುವೆ ಬುಧವಾರ ಒಂದು ದಿನವಿತ್ತು. ಅದು ಹೇಗೆ ಕಳೆಯಿತೆಂದು ಬರೆಯುವುದಿಲ್ಲ.

ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೇಳಿದೆ. ಹನ್ನೊಂದು ಜನ ಇದ್ದರು, ಅಂದು ಇದ್ದವರೆಲ್ಲರೂ. ನಿಂತು, ಚೀಟಿಯನ್ನು ಮೇಜಿನ ಮೇಲಿಟ್ಟು, ಮೊದಲಿನಿಂದ ಹೇಳಿದೆ. ರೂಪ "ನೀವಾ ಮಿಸ್?" ಎಂದಳು. ಪದ್ಮಶ್ರೀಯವರು ಒಳ್ಳೆಯ ಮನಸ್ಸಿನಿಂದಲೇ "ಹೋಗ್ಲಿ ಬಿಡಿ ಮೇಡಂ, ವಯಸ್ಸಾದ್ಮೇಲೆ ಕಣ್ಣು ಸ್ವಲ್ಪ..." ಎಂದು ನನಗೊಂದು ದಾರಿ ಮಾಡಿಕೊಡಲು ಬಂದರು. ಎಷ್ಟು ಸುಲಭದ ದಾರಿ! ಕ್ಷಣಕಾಲ ಅದರ ಕಡೆಗೆ ನನ್ನ ಕಾಲು ಎಳೆಯಿತೆಂದು ಒಪ್ಪಿಕೊಳ್ಳುತ್ತೇನೆ. "ಕಣ್ಣು ಸರಿಯಾಗಿಯೇ ಇತ್ತು, ಪದ್ಮಶ್ರೀ. ಪಿನ್ನನ್ನು ಕಂಡೆ. ಚೀಟಿಯನ್ನು ಓದಿ, ಬೇಕೆಂದೇ ಬಚ್ಚಿಟ್ಟೆ" ಎಂದೆ. ಅಕ್ಕಯಮ್ಮನವರು ಮೂಲೆಯಿಂದಲೇ, "ವಯಸ್ಸಿನ ಮೇಲೆ ಯಾಕವ್ವ ಹೊರಿಸ್ತೀಯಾ? ನನಗೂ ಅಷ್ಟೇ ವಯಸ್ಸು. ನಾನು ಯಾರ ಚೀಟೀನೂ ಬಚ್ಚಿಟ್ಟಿಲ್ಲ" ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಸಮವಸ್ತ್ರದ ಬಟ್ಟೆ ಆಗಲೇ ಕತ್ತರಿಸಿ ಆಗಿದೆಯಂತೆ, ಅದು ಈ ವರ್ಷಕ್ಕೆ ಹಿಂದಿರುಗುವುದಿಲ್ಲ. ಬರುವ ವರ್ಷದ್ದನ್ನು ಕೇಳಲು ಪದ್ಮಶ್ರೀಯವರು ತಾವೇ ನಿನ್ನಲ್ಲಿಗೆ ಬರುತ್ತಾರಂತೆ. ಒಪ್ಪುವುದೂ ಬಿಡುವುದೂ ನಿನ್ನ ಇಷ್ಟ. ಈ ಪತ್ರ ಮುಗಿದ ಮೇಲೆ ಕೊನೆಯ ಹಾಳೆಯ ಹಿಂಬದಿಗೆ ಹನ್ನೊಂದು ಜನರೂ ಸಹಿ ಹಾಕುತ್ತಾರೆ, ನಾನು ಬರೆದದ್ದು ಎಲ್ಲರ ಮುಂದೆ ಹೇಳಿದ್ದೇ ಎಂಬುದಕ್ಕೆ. ಯಾರಾದರೂ ನಿನ್ನ ಅಂಗಡಿಯಲ್ಲಿ ನಿಂತು ಆ ಹಳೆಯ ಮಾತೆತ್ತಿದರೆ ಬಿಡಿಸಿ ತೋರಿಸು. ನನ್ನ ಮಾನದ ಬಗ್ಗೆ ಯೋಚಿಸಬೇಡ. ಕತ್ತರಿಯನ್ನು ಪದ್ಮಶ್ರೀಯವರ ಕಪಾಟಿನಲ್ಲಿಟ್ಟು ಬಂದಿದ್ದೇನೆ. ಇಂದು ಬೆಳಿಗ್ಗೆಯಿಂದ ಲಡಿಗೆ ದಾರ ಸುತ್ತುತ್ತಿದ್ದೇನೆ, ಅದರಲ್ಲೂ ಸಿಕ್ಕು ಮಾಡುತ್ತಿದ್ದೇನೆ. ನೀನು ಮತ್ತೆ ಇಲ್ಲಿಗೆ ಬರಬೇಕೆಂದು ಕೇಳಲು ಇದನ್ನು ಬರೆದಿಲ್ಲ. ಬರುವುದಾದರೆ ಬಾಗಿಲು ತೆರೆದಿದೆ, ಬಾರದಿದ್ದರೆ ಏಕೆಂದು ಕೇಳುವ ಹಕ್ಕು ಇಲ್ಲಿ ಯಾರಿಗೂ ಇಲ್ಲ.

'ಕ್ಷಮಿಸು' ಎಂದು ಬರೆಯಲು ಪೆನ್ನು ಎರಡು ಸಲ ಹೋಯಿತು. ಬರೆದರೆ ಅದಕ್ಕೊಂದು ಉತ್ತರ ಕೊಡುವ ಭಾರ ನಿನ್ನ ಮೇಲೆ ಬೀಳುತ್ತದೆ. ಆ ಭಾರವನ್ನೂ ನಿನಗೇ ಹೊರಿಸಲಾರೆ.

ಅಕ್ಕಯಮ್ಮನವರು ಎದ್ದು ಸೆರಗು ಸರಿಪಡಿಸಿಕೊಳ್ಳುತ್ತಿದ್ದಾರೆ. ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಬೆಳಿಗ್ಗೆ ಎಲ್ಲ ಮುಗಿದ ಮೇಲೆ ನಾನೇ ಆವತಿಗೆ ಹೋಗಿ ನಿನ್ನೆದುರು ಹೇಳುತ್ತೇನೆಂದಿದ್ದೆ. ಅವರು ಬಿಡಲಿಲ್ಲ. "ಬೇಡ ಮೇಷ್ಟ್ರಮ್ಮ. ನೀವು ಹೋದ್ರೆ ಅವಳು ಎದ್ದು ನಿಂತ್ಕೋತಾಳೆ. ಕುರ್ಚಿ ಒರೆಸಿ ಹಾಕ್ತಾಳೆ, ಕಾಫಿ ಕಾಸ್ತಾಳೆ, ಪರವಾಗಿಲ್ಲ ಬಿಡಿ ಮಿಸ್ ಅಂತಾಳೆ. ನೀವು ಹಗುರ ಆಗಿ ಬಸ್ ಹತ್ತೀರಿ. ಅವಳು ಒಳಗೋಗಿ ಅಳ್ತಾಳೆ. ನಿಮ್ಮನ್ನ ಬೈಯೋಕೆ ಅವಳಿಗೊಂದು ಜಾಗ ಬೇಡ್ವಾ? ಕಾಗ್ದ ಬರೀರಿ. ಕಾಗ್ದ ಬಂತು ಅಂತ ಯಾರೂ ಎದ್ದು ನಿಂತ್ಕೊಳಲ್ಲ" ಎಂದರು.

ಆದುದರಿಂದ, ಚಂದನ, ಇದನ್ನು ಕುಳಿತೇ ಓದು. ಕೈಯಲ್ಲಿರುವ ಕೆಲಸ ಬಿಡಬೇಡ. ಸಿಟ್ಟು ಬಂದರೆ ನಡುವೆ ನಿಲ್ಲಿಸು, ಗಟ್ಟಿಯಾಗಿ ಬೈಯಬೇಕೆನಿಸಿದರೆ ಬೈದುಬಿಡು. 'ಮಿಸ್' ಎಂದು ಸೇರಿಸಬೇಕಾಗಿಲ್ಲ.

ನಿನ್ನ ಬಾಗಿಲಿಗೆ ಬಟ್ಟೆ ತಂದವರು, ಅಳತೆ ಕೊಟ್ಟು, ತಿರುಗಿ ನೋಡದೆ ನೆಮ್ಮದಿಯಾಗಿ ಮನೆಗೆ ಹೋಗುವಂತಾಗಲಿ. ನಿನ್ನ ಸಂಸಾರ ತಂಪಾಗಿರಲಿ.

ತಪ್ಪು ನಿನ್ನದಲ್ಲವೆಂದು ಮೊದಲ ದಿನದಿಂದ ಬಲ್ಲ,
ಪ್ರಮೋದಾ